ಶಂಡಿಗೆ ಹತ್ತಿದ ಜಾಳಿಗೆ

ತಿಕೋಟಾ ಹತ್ತಿರದ ಒಂದು ಒಣದ್ರಾಕ್ಷಿ ಘಟಕದಲ್ಲಿ ನಾನು ಆರು ವರ್ಷ ದುಡಿದೆ. ತೊಟ್ಟು ಬಿಡಿಸುವ ಮಶಿನ್ ಪಕ್ಕದ ಸ್ಟೂಲು ನನ್ನದು. ಗಾಲಿಗೆ ಸುತ್ತಿ ತಿರುಗುವ ಬೆಲ್ಟಿನ ಪಟ್ಟಾಕ್ಕೆ ಯಾರೂ ಸಿಕ್ಕಿಕೊಳ್ಳದಿರಲೆಂದು ಅದರ ಮೇಲೊಂದು ಕಬ್ಬಿಣದ ಜಾಳಿಗೆ ಇತ್ತು. ಇತ್ತು ಎಂದರೆ, ದಸರೆಯ ಖಂಡೆ ಪೂಜೆಯವರೆಗೆ, ನಮ್ಮ ಕಡೆಯ ಆಯುಧಪೂಜೆ ಅದು. ಕುಂಕುಮ ಗಾಲಿಗೇ ಮುಟ್ಟಬೇಕೆಂದು ಮಾಲೀಕರು ಅದನ್ನು ಬಿಚ್ಚಿಸಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದರು. ಪೇಢೆ ಹಂಚುವ ಗದ್ದಲದಲ್ಲಿ ಜಾಳಿಗೆಯನ್ನು ಎಲ್ಲರೂ ಮರೆತರು. ಎರಡು ಪೇಢೆ ತಿಂದ ನಾನೂ ಮರೆತೆ.

ಬೇಸಿಗೆಯ ಒಂದು ದಿನ ಪಟ್ಟಾ ನನ್ನ ಸೆರಗು ಹಿಡಿಯಿತು. ನಾನು ಎಳೆದೆ, ಅದೂ ಎಳೆಯಿತು. ಸೀರೆ ಹಳೆಯದು, ಹರಿಯಿತು. ಹೊಸದಾಗಿದ್ದರೆ ಸೀರೆ ಉಳಿದು ಕೈ ಹೋಗುತ್ತಿತ್ತು. ನೆಟ್ಟಗೆ ಮಾಲೀಕರ ಹತ್ತಿರ ಹೋಗಿ ಜಾಳಿಗೆ ಎಲ್ಲಿ ಎಂದು ಕೇಳಿದೆ.

“ಪೂಜಾ ಮಾಡೇವಲ್ಲವ್ವಾ, ಏನೂ ಆಗಂಗಿಲ್ಲ,” ಎಂದರು ಮಾಲೀಕರು.

“ಪೂಜಾ ಮಶಿನ್‌ಗೆ ಮಾಡೀರಿ. ಅದಕ್ಕೇನೂ ಆಗಿಲ್ರಿ,” ಎಂದೆ. “ಜಾಳಿಗಿ ಬರೂತನಕ ನಾ ಅಲ್ಲಿ ಕೂಡಂಗಿಲ್ಲ.”

“ಅದನ್ನ ನಮ್ಮವ್ವ ಶಂಡಿಗಿ ಒಣಗಸಾಕ ಬಬಲೇಶ್ವರಕ್ಕ ಒಯ್ದಾಳ. ಕೂಡಂಗಿದ್ರ ಕೂಡು, ಇಲ್ಲಾಂದ್ರ ನಾಳಿಂದ ಬರಬ್ಯಾಡ.”

ನನಗೆ ಸಿಟ್ಟು ನೆತ್ತಿಗೇರಿತು. ತಪಾಸಣೆಯವರು ಬರುವ ದಿನ ಮಾತ್ರ ಧೂಳು ಒರೆಸಿಸಿಕೊಳ್ಳುತ್ತಿದ್ದ ಬೋರ್ಡೊಂದು ಗೋಡೆಯ ಮೇಲಿತ್ತು: ‘ಅಪಾಯ ಕಂಡರೆ ಕೆಲಸ ನಿಲ್ಲಿಸಿ.’ ಒರೆಸುತ್ತಿದ್ದವಳೂ ನಾನೇ. ಅದನ್ನು ಇಳಿಸಿಕೊಂಡು ಹೋಗಿ ಬೇವಿನ ಮರದ ಕೆಳಗೆ ತೊಡೆಯ ಮೇಲಿಟ್ಟು ಕೂತೆ. ಕೆಲಸ ಹೋಯಿತೆಂದೇ ಅಂದುಕೊಂಡಿದ್ದೆ. ಒಬ್ಬೊಬ್ಬರಾಗಿ ಉಳಿದ ಹೆಂಗಸರೂ ಬಂದು ಪಕ್ಕದಲ್ಲಿ ಕೂತರು. ಒಳಗೆ ಮಶಿನ್ ಸುಮ್ಮನೆ ತಿರುಗತೊಡಗಿತು. ಮಾಲೀಕರು ಬೈಕ್ ಹತ್ತಿದರು.

ಮರಳುವಾಗ ಹಿಂದೆ ಅವರ ತಾಯಿ ಕೂತಿದ್ದರು, ಮಡಿಲಲ್ಲಿ ಜಾಳಿಗೆ, ಜಾಳಿಗೆಗೆ ಹತ್ತಿದ, ಇನ್ನೂ ಹಸಿ ಶಂಡಿಗೆ.

“ಯಾರಬೇ ಆಕಿ, ನನ್ನ ಶಂಡಿಗಿ ಹಾಳು ಮಾಡಿದಾಕಿ?” ಎನ್ನುತ್ತಲೇ ಇಳಿದರು.

ನಾನು ಎದ್ದು ಹರಿದ ಸೆರಗು ತೋರಿಸಿದೆ. ನನ್ನ ಕೈ ಹಿಡಿದು ಒಂದೊಂದೇ ಬೆರಳು ಮುಟ್ಟಿ ನೋಡಿದರು.

“ಲೇ, ಈ ಕೈ ಹೋಗಿದ್ರ ಎಲ್ಲಿಂದ ತರಾಂವ ಇದ್ದಿ?” ಎಂದು ಮಗನನ್ನು ಕೇಳಿದರು.

ಅಲ್ಲಿಯವರೆಗೆ ಬಿಗಿಹಿಡಿದಿದ್ದ ಅಳು ನನಗೆ ಆಗ ಬಂತು.

ಮುಂದಿನ ಖಂಡೆ ಪೂಜೆಗೆ ಆ ತಾಯಿಯೇ ಬಂದರು. ಜಾಳಿಗೆ ಬಿಚ್ಚಗೊಡದೆ ಅದರ ಮೇಲೆಯೇ ಕುಂಕುಮ ಹಚ್ಚಿ, ಬಟ್ಟಲು ಹಿಡಿದು ನಮ್ಮತ್ತ ತಿರುಗಿದರು. ನಾವೆಲ್ಲ ಹಣೆ ಮುಂದೆ ಮಾಡಿದೆವು.

“ಹಣಿ ಅಲ್ಲ,” ಎಂದರು. “ಕೈ ಚಾಚ್ರಿ.”