ಗಂಗಣ್ಣನವರ ಮೈಲೇಜು

ಹಳೇ ಪಿಕಪ್ ನೋಡಲು ಹೊರಟರೆ ಗಂಗಣ್ಣನವರಿಗೆ ಲೆಕ್ಕ ಹಾಕಲು ಸೊಸೆ ಮೋನಿಕಾ ಪಕ್ಕದಲ್ಲಿರಬೇಕು, ಅವಳ ಮಡಿಲಲ್ಲಿ ಕೈಗೂಸು. "ಖಾಲಿ ಗಾಡಿ ಮಾತು ಬುಡಪ್ಪ, ಕಾಯಿ ತುಂಬಿದ್ರೆ ಎಷ್ಟ್ ಮೈಲೇಜ್ ಕೊಡ್ತದೆ?" ಎಂದು ಮಾರುವವನ ಬಾಯಿ ಮುಚ್ಚಿಸಿ, ಹಿಂದೆ ತೆಂಗಿನಕಾಯಿ ಮೂಟೆ ಹೇರಿಸುತ್ತಾರೆ. ಟ್ಯಾಂಕಿನ ಬಾಯಿವರೆಗೂ ಡೀಸೆಲ್ ಹಾಕಿಸಿ, ಒಳಗಿನ ಗಾಳಿಗುಳ್ಳೆ ಹೋಗಲೆಂದು ಗಾಡಿಯನ್ನೇ ಅಲ್ಲಾಡಿಸಿ, ತಿಪಟೂರಿನಿಂದ ಹುಳಿಯಾರಿಗೆ ಹೋಗಿಬಂದು ಮತ್ತೆ ತುಂಬಿಸುತ್ತಾರೆ. ಲೀಟರಿಗೆ ಹನ್ನೆರಡು ಕಿಲೋಮೀಟರಿಗಿಂತ ಚೂರು ಕಡಿಮೆಯಾದರೂ "ಇದು ಗಾಡಿಯಲ್ಲ ಕಣಪ್ಪ, ಕುಡುಕ" ಎಂದು ಕೀ ವಾಪಸ್ ಕೊಡುತ್ತಾರೆ. ದಾರಿಯುದ್ದಕ್ಕೂ ಕೂಸು ಕಿರುಚುವುದು ಈ ಮನುಷ್ಯನಿಗೆ ಕೇಳಿಸುವುದೇ ಇಲ್ಲವೆಂದು ಮೋನಿಕಾ ಒಳಗೊಳಗೇ ಸಿಡುಕುತ್ತಿದ್ದಳು. ಮೊನ್ನೆ ಲೀಟರಿಗೆ ಹತ್ತೇ ಕೊಟ್ಟ ಗಾಡಿಗೆ ಅವರು ಅಡ್ವಾನ್ಸ್ ಕೊಟ್ಟುಬಿಟ್ಟರು. "ಮೈಲೇಜು, ಮಾವ?" ಎಂದಳು ಬೆರಗಾಗಿ. "ಮೆತ್ತಗೆ ಕಣವ್ವ," ಎಂದರು ಗಂಗಣ್ಣ, "ಕೂಸು ನಿದ್ದೆ ಮಾಡಿದ್ದು ಇದೊಂದ್ರಲ್ಲೇ."