ಪಡಸಾಲೆಯಲ್ಲಿ ಅಂಗಾತ ಮಲಗಿದ ಕಾಕು

ನಮ್ಮ ಚಂಪಾ ಕಾಕು ಬರುವಾಗ ಮೊದಲು ತಲೆ ಬರುತ್ತಿತ್ತು, ಹಿಂದೆ ಬೈಗುಳ, ಕಡೆಗೆ ಕಾಕು. ಒಂದು ಕೈ ಸದಾ ಟೊಂಕದ ಮೇಲೆ. ಇನ್ನೊಂದರಲ್ಲಿ ಎಮ್ಮೆಯ ಹಗ್ಗವೋ, ಡೇರಿಗೆ ಹೊರಟ ಹಾಲಿನ ಕ್ಯಾನೋ. ಅಂಕಲಿಯ ನಮ್ಮ ಓಣಿಯಲ್ಲಿ ಅವಳ ನಡಿಗೆಯನ್ನು ಅಣಕಿಸಿ ನಾನು ಪುಕ್ಕಟೆ ಚಹಾ ಕುಡಿಯುತ್ತಿದ್ದೆ. ಒಮ್ಮೆ ಕಾಕು ಹಿಂದಿನಿಂದ ಬಂದು ಪೂರ್ತಿ ನೋಡಿದಳು. ಹೊಡೆಯಲಿಲ್ಲ, ತಿದ್ದಿದಳು.

"ಲೇ ಮಂಗ್ಯಾ, ಕೈ ಅಲ್ಲಲ್ಲ, ಇನ್ನ ಸ್ವಲ್ಪ ಕೆಳಗ. ನೋವು ಅಲ್ಲೈತಿ."

ಅವಳು ನನ್ನ ಅಪ್ಪನ ತಮ್ಮನ ಹೆಂಡತಿ. ಗೋಡೆಗೆ ಗೋಡೆ ಹತ್ತಿದ ಮನೆ. ಅಲ್ಲಿ ಕಾಕಾ, ಕಾಕು, ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಮತ್ತೆ ಎಮ್ಮೆಗಳು. ಆ ಮನೆಯಲ್ಲಿ ಮಧ್ಯಾಹ್ನ ಮಲಗಿ ಮೆಲುಕು ಹಾಕುವ ಹಕ್ಕು ಎಮ್ಮೆಗಳಿಗಷ್ಟೇ ಇತ್ತು.

ಟೊಂಕ ಹಿಡಿದವರಿಗೆ ಊರಲ್ಲಿ ಔಷಧ ಹೇಳುವವರ ಬರವಿಲ್ಲ. ನನ್ನ ಸಿಟ್ಟು ಔಷಧದ ಮೇಲಲ್ಲ. ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಟ್ಟರೆ ಹಿತವೇ. ಲಕ್ಕಿ ಸೊಪ್ಪು ಕುದಿಸಿದ ನೀರು ಬೆನ್ನ ಮೇಲೆ ಬಿದ್ದರೆ ಕಣ್ಣು ತಾನೇ ಮುಚ್ಚುತ್ತದೆ. ಆದರೆ ಹೊಳೆದಂಡೆಗೆ ಹೋಗಿ ಆ ಸೊಪ್ಪು ಮುರಿದು ತರುವವರಾರು? ಕಾಕು. ಹಂಡೆಗೆ ನೀರು ಹೊತ್ತು ಹಾಕುವವರು? ಕಾಕು. ಉಪ್ಪು ಹುರಿಯಲು ಒಲೆಯ ಮುಂದೆ ಬಗ್ಗುವವರು? ಮತ್ತೆ ಅವಳೇ. ಬೆನ್ನಿಗೆ ಗಂಟು ಒತ್ತುವುದಕ್ಕೆ ಮಾತ್ರ ಯಾರೂ ಸಿಗುತ್ತಿರಲಿಲ್ಲ. ಗಂಟನ್ನು ಗೋಡೆಗೆ ಆನಿಸಿ, ಅದಕ್ಕೆ ತಾನೇ ಬೆನ್ನು ಒತ್ತಿಕೊಂಡು ನಿಲ್ಲುತ್ತಿದ್ದಳು, ಎಮ್ಮೆ ಮರಕ್ಕೆ ಮೈ ಉಜ್ಜಿದ ಹಾಗೆ. ನಡ ಗಟ್ಟಿಯಾಗಲೆಂದು ಅಂಟಿನುಂಡಿ ತಿನ್ನಲು ಹೇಳಿದರು. ಉಂಡಿ ಕಟ್ಟಿದವಳು ಕಾಕು, ಗಟ್ಟಿಯಾದದ್ದು ಕಾಕಾನ ನಡ ಮತ್ತು ನನ್ನದು.

ಕಡೆಗೆ ನಾನೇ ಅವಳನ್ನು ಗಾಡಿಯ ಮೇಲೆ ಕೂರಿಸಿಕೊಂಡು ಚಿಕ್ಕೋಡಿಯ ದವಾಖಾನೆಗೆ ಹೋದೆ. ದಾರಿಯ ಒಂದೊಂದು ತಗ್ಗಿಗೂ ಕಾಕು ಒಬ್ಬೊಬ್ಬ ಕಂತ್ರಾಟದಾರನ ವಂಶವನ್ನು ಬೈದಳು. ಡಾಕ್ಟರು ನೋಡಿ ಎಲುಬಿಗೆ ಏನೂ ಆಗಿಲ್ಲ ಅಂದರು. ವ್ಯಾಯಾಮ ಹೇಳಿಕೊಡುವ ಹುಡುಗಿಯೊಬ್ಬಳು ಕಲಿಸಿದಳು: ಅಂಗಾತ ಮಲಗಿ ಒಂದೊಂದೇ ಮೊಣಕಾಲು ಎದೆಗೆ ತರಬೇಕು, ಪಾದ ಊರಿ ಟೊಂಕವನ್ನು ಮೆಲ್ಲಗೆ ಎತ್ತಿ ಇಳಿಸಬೇಕು, ಉಸಿರು ಹಿಡಿಯಬಾರದು, ದಿನಾ ಮಾಡಬೇಕು. "ಇಷ್ಟ ಅಲ್ಲೇನ?" ಎಂದು ಕಾಕು ನಕ್ಕಳು.

ಇಷ್ಟೇ ಆಗಿರಲಿಲ್ಲ. ಒಳಕೋಣೆಯ ತುಂಬ ಹಿಂಡಿಯ ಚೀಲಗಳು. ಅಡಿಗೆಮನೆಯಲ್ಲಿ ಕಾಲು ಚಾಚುವಷ್ಟು ಜಾಗವಿಲ್ಲ. ಉಳಿದದ್ದು ಪಡಸಾಲೆ. ಚಾಪೆ ಹಾಸಿ ಮಲಗಿದಳೋ ಇಲ್ಲವೋ, ಆಯಿಯ ದನಿ ಬಂತು.

"ಏ ಚಂಪವ್ವಾ! ಹಗಲೊತ್ತಿನ್ಯಾಗ, ಗಂಡಸರು ಬರೂ ಹೋಗೂ ಹೊತ್ತಿನ್ಯಾಗ, ಸೊಸಿ ಪಡಸಾಲ್ಯಾಗ ಅಂಗಾತ ಬೀಳೂದಂದ್ರ?"

ಪೇಪರಿನ ಹಿಂದಿನಿಂದ ಕಾಕಾ ಅಂದ: "ರಾತ್ರಿ ಮಾಡು, ಯಾರ ಬ್ಯಾಡಂತಾರ?"

"ರಾತ್ರಿ ನಾ ಮಲಗೂದು ವ್ಯಾಯಾಮಕ್ಕಲ್ರಿ, ಸತ್ತಂಗ ಬೀಳಾಕ," ಎಂದು ಕಾಕು ಚಾಪೆ ಸುತ್ತಿಟ್ಟಳು.

ಆಮೇಲೆ ನಿಪ್ಪಾಣಿಯಿಂದ ನಮ್ಮ ಅತ್ತೆ ಬಂದಳು. ಅಪ್ಪನ ಅಕ್ಕ, ಬಾಯಲ್ಲಿ ಅರ್ಧ ಮರಾಠಿ. "ಅಗ ಬಾಯಿ! ಮನಿ ಬಾಜೂಕ ಪಾಯಾಳು ಇಟಗೊಂಡ ದವಾಖಾನಿಗೆ ಹೋಗೂದ?" ಅಂದಳು. ಪಾಯಾಳು ಎಂದರೆ ಕಾಲು ಮುಂದಾಗಿ ಹುಟ್ಟಿದವನು. ಅಂಥವನು ಬೆನ್ನಿಗೆ ಒದ್ದರೆ ಉಳುಕು ಬಿಟ್ಟು ಹೋಗುತ್ತದೆಂದು ನಮ್ಮ ಕಡೆ ನಂಬುತ್ತಾರೆ. ನಾನು ಹಾಗೆ ಹುಟ್ಟಿದವನು. ನನಗಿರುವ ಯೋಗ್ಯತೆ ಅದೊಂದೇ, ಅದೂ ನಾನು ಓದಿ ಪಡೆದದ್ದಲ್ಲ.

ಕಾಕು ಕೆರಳಿದಳು. "ಈ ಮನಿತನದ ಒದಿಕಿ ನನ್ನ ನಡಕ್ಕ ಭಾಳ ಬಿದ್ದಾವ. ಇದೊಂದ ಉಳದಿತ್ತೇನ?" ಎಂದಳು. ಆಮೇಲೆ ಏನು ಹೊಳೆಯಿತೋ, ಥಟ್ಟನೆ ತಣ್ಣಗಾಗಿ, "ಆತ ಬಿಡ್ರಿ, ಒದೀಲಿ," ಅಂದಳು. ಕಾಕು ಅಷ್ಟು ಸಲೀಸಾಗಿ ಒಪ್ಪಿದ್ದು ನೋಡಿ ನನಗೇ ಹೆದರಿಕೆಯಾಯಿತು.

ರವಿವಾರ ಮಧ್ಯಾಹ್ನ ಪಡಸಾಲೆ ತುಂಬಿತು. ಕಾಕಾ, ಅವನ ಗೆಳೆಯರು, ಓಣಿಯ ಹೆಂಗಸರು, ಎಲೆಯಡಿಕೆ ಹಾಕಿಕೊಂಡ ಆಯಿ. ಕಾಕು ಎಲ್ಲರ ನಡುವೆ ಚಾಪೆ ಹಾಸಿ ಬೋರಲು ಮಲಗಿದಳು. ಹಗಲೊತ್ತು, ಗಂಡಸರ ಮುಂದೆ. ಒಬ್ಬರಾದರೂ ತುಟಿ ಎರಡು ಮಾಡಲಿ! ನಾನು ಕಾಲೆತ್ತಿದೆ. ಕಾಕು ಹೊರಳಿ ಅಂಗಾತವಾದಳು.

"ಕಾಲ ಕೆಳಗ ಇಡೋ," ಎಂದು, ಮಲಗಿದಲ್ಲಿಂದಲೇ ಆಯಿಯನ್ನು ನೋಡಿದಳು. "ಅತ್ತೀ, ಒದಿಸ್ಕೊಳ್ಳಾಕ ಮಲಗಿದ್ರ ಮರ್ಯಾದಿ, ನಡಾ ನೆಟ್ಟಗ ಮಾಡ್ಕೊಳ್ಳಾಕ ಮಲಗಿದ್ರ ನಾಚಿಕಿಗೇಡೇನ್ರಿ? ಎಲ್ಲಾರೂ ಕೂಡೀರಿ, ಚಲೋ ಆತು. ನೋಡ್ರಿ."

ಮೊಣಕಾಲು ಎದೆಗೆ ತಂದಳು. ಟೊಂಕ ಎತ್ತಿದಳು, ಇಳಿಸಿದಳು. ಗಂಡಸರಿಗೆ ಒಮ್ಮೆಲೇ ಕಬ್ಬಿಗೆ ನೀರು ಬಿಡುವುದು ನೆನಪಾಯಿತು. ನಾನು ಒಂದೇ ಕಾಲ ಮೇಲೆ ಬಕಪಕ್ಷಿಯಂತೆ ನಿಂತಿದ್ದೆ.

ಅಂದಿನಿಂದ ದಿನಾ ಮಧ್ಯಾಹ್ನ ಆ ಹೊತ್ತು ಕಾಕುವಿನದಾಯಿತು. ಓಣಿಯ ಹೆಂಗಸರೂ ಹಾಸಿಕೊಳ್ಳಲು ಕೌದಿ ಹಿಡಿದು ಬರತೊಡಗಿದರು. "ಉಸರ ಹಿಡೀಬ್ಯಾಡ ಬೇ, ಅದನ್ನೂ ಗಂಡಗ ಉಳಿಸಿ ಇಡ್ತಿಯೇನ?" ಎಂದು ಕಾಕು ಗದರುತ್ತಿದ್ದಳು. ಆಯಿ ಅಷ್ಟು ಹೊತ್ತೂ ಗೋಡೆ ಕಡೆ ಮುಖ ಮಾಡಿ ಕೂರುವಳು. ನೋವು ಪೂರ್ತಿ ಹೋಗಲಿಲ್ಲ. ಆದರೆ ಟೊಂಕದ ಮೇಲಿನ ಕೈ ಕೆಳಗಿಳಿಯಿತು. ನನ್ನ ಹಳೆಯ ಅಣಕಕ್ಕೆ ಓಣಿಯಲ್ಲಿ ಚಹಾ ಸಿಗದಂತಾಯಿತು.

ಹೋದ ವರ್ಷ ಜ್ವರ ಬಂದು ಕಾಕು ತೀರಿಕೊಂಡಳು. ದವಾಖಾನೆಯಿಂದ ತಂದಾಗ ಮಧ್ಯಾಹ್ನವಾಗಿತ್ತು, ಸರಿಯಾಗಿ ಅವಳ ಹೊತ್ತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಆನಿಸಿ ಕುಳ್ಳಿರಿಸುತ್ತಾರೆ. ಹಾಗೆ ಕೂತೇ ಮಣ್ಣಿಗೆ ಹೋಗಬೇಕು. "ಒಂದ್ ತಾಸರೆ ಮಲಗಲಿ," ಅಂದೆ. "ಮೈ ಸೆಟದ್ರ ಕುಂಡ್ರಸಾಕ ಬರಂಗಿಲ್ಲಲೇ, ಸರಿ ಅತ್ಲಾಗ," ಎಂದು ಹಿರಿಯರು ನನ್ನನ್ನು ದೂಡಿದರು. ಅದೇ ಪಡಸಾಲೆಯಲ್ಲಿ, ಉಪ್ಪಿನ ಗಂಟು ಒತ್ತಿಕೊಂಡು ನಿಲ್ಲುತ್ತಿದ್ದ ಅದೇ ಗೋಡೆಗೆ ಅವಳನ್ನು ಬಿಗಿದು ಕೂರಿಸಿದರು. ಬಂದವರೆಲ್ಲ ಕೈಮುಗಿದು, "ಎಷ್ಟ್ ನೆಟ್ಟಗ ಕುಂತಾಳ ನೋಡ್ರಿ," ಅಂದರು. ಬದುಕಿದ್ದಾಗ ಆ ನಡ ಹೇಗಿತ್ತೆಂದು ಯಾರೂ ಕೇಳಿರಲಿಲ್ಲ. ನಾನು ಎದ್ದು ಎಮ್ಮೆಗಳ ಕಡೆ ಹೋದೆ, ಅಲ್ಲೇ ಇದ್ದಿದ್ದರೆ ಯಾರಿಗಾದರೂ ನಿಜವಾಗಿ ಒದೆಯುತ್ತಿದ್ದೆ.

ಕಾಕುವಿನ ದಿನಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಆಯಿ ಕರೆಸಿದಳು. ಕಾಕು ಹೋದಾಗಿನಿಂದ ಎಮ್ಮೆಯ ಕೆಲಸ ಅರ್ಧ ಆಯಿಯ ಪಾಲಿಗೆ ಬಂದಿತ್ತು. ಅವಳ ಒಂದು ಕೈ ಟೊಂಕದ ಮೇಲಿತ್ತು. ಪಡಸಾಲೆಯಲ್ಲಿ ಕಾಕುವಿನ ಚಾಪೆ ಹಾಸಿತ್ತು. ಬಾಗಿಲಲ್ಲಿ ಓಣಿಯ ಹೆಂಗಸರು ಕೌದಿ ಹಿಡಿದು ನಿಂತಿದ್ದರು.

"ನೀ ಎಲ್ಲಾರ ದನೀನೂ ಮಾಡ್ತಿಯಲ್ಲ," ಅಂದಳು ಆಯಿ, ನನ್ನ ಮುಖ ನೋಡದೆ. "ಆಕಿ ಹೆಂಗ ಹೇಳತಿದ್ಲು? ಒಮ್ಮಿ ಹೇಳು."

ಈಗ ಬೇಕಾಯಿತೇನು ನಿನಗೆ ಎಂದು ಬೈಯಲು ಬಾಯಿ ತೆರೆದೆ. ಬಂದದ್ದು ಕಾಕುವಿನ ದನಿ.

"ಏನ್ ನೋಡ್ತೀರಿ? ಮಲಗ್ರಿ! ಉಸರ ಹಿಡೀಬ್ಯಾಡ್ರಿ!"

ಯಾರೂ ನಗಲಿಲ್ಲ. ಆಯಿ ಮೆಲ್ಲಗೆ ಅಂಗಾತ ಮಲಗಿದಳು.