ಕುಣಿಗಲ್ಲಿನವಳ ಫೋನು

ನನಗೆ ಹೊಟ್ಟೆಕಿಚ್ಚಿದ್ದದ್ದು ಒಬ್ಬ ಹೆಂಗಸಿನ ಮೇಲೆ. ಆಕೆಯ ಮುಖವನ್ನೂ ನಾನು ಸರಿಯಾಗಿ ನೋಡಿರಲಿಲ್ಲ. ಕುಣಿಗಲ್ಲಿನವಳು, ನನ್ನ ಹೆಂಡತಿಗಿಂತ ನಾಲ್ಕೈದು ವರ್ಷ ದೊಡ್ಡವಳು. ಇಬ್ಬರಿಗೂ ಬಂದಿದ್ದದ್ದು ಒಂದೇ ಕಾಯಿಲೆ, ಸ್ತನದ ಕ್ಯಾನ್ಸರ್. ನಾನು ಹೈಸ್ಕೂಲಿನಿಂದ ಬಂದು ಗುಬ್ಬಿಯ ನಮ್ಮ ಮನೆ ಜಗಲಿಯಲ್ಲಿ ಬೂಟು ಬಿಚ್ಚುವ ಹೊತ್ತಿಗೆ ಸರಿಯಾಗಿ ದಿನಾ ಆಕೆಯ ಫೋನು. ಹೆಂಡತಿ ನನ್ನ ಕಾಫಿಯನ್ನು ಮೇಜಿನ ಮೇಲೆ ಕುಕ್ಕಿ, ಹಿತ್ತಿಲ ಬಾಗಿಲು ಮುಂದೆ ಮಾಡಿಕೊಂಡು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಡುತ್ತಿದ್ದಳು.

ತುಮಕೂರಿನಲ್ಲಿ ಈ ಕಾಯಿಲೆಯಿಂದ ಪಾರಾದ ಹೆಂಗಸರದೊಂದು ಗುಂಪಿದೆ. ತಿಂಗಳಿಗೊಂದು ಭಾನುವಾರ ಸೇರುತ್ತಾರೆ. ಹೊಸದಾಗಿ ಬಂದವಳಿಗೆ ಹಳಬಳೊಬ್ಬಳನ್ನು ಜೊತೆ ಹಾಕುತ್ತಾರೆ. ನನ್ನವಳಿಗೆ ಸಿಕ್ಕಿದ್ದು ಈ ಕುಣಿಗಲ್ಲಿನವಳು, ಅಕ್ಕ ಎಂದೇ ಕರೆಯುತ್ತಿದ್ದಳು. ಜೊತೆಯವರು ದಿನಕ್ಕೊಮ್ಮೆ ಮಾತಾಡಲೇಬೇಕು, ಮತ್ತು ಆಡಿದ್ದನ್ನು ಬೇರೆ ಯಾರ ಹತ್ತಿರವೂ ಆಡಬಾರದು. ಗಂಡಂದಿರಿಗೆ ಒಳಗೆ ಪ್ರವೇಶವಿಲ್ಲ. ನಾವು ಐದಾರು ಜನ ಕಾಂಪೌಂಡಿನಲ್ಲಿ ಸ್ಕೂಟರಿಗೆ ಒರಗಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಮೊಬೈಲು ನೋಡುತ್ತಿದ್ದೆವು. ಒಳಗಿನಿಂದ ನಗು ಕೇಳುತ್ತಿತ್ತು. ಅದರಲ್ಲಿ ನನ್ನವಳದೂ ಗುರುತು ಸಿಗುತ್ತಿತ್ತು. ಮನೆಯಲ್ಲಿ ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ!

ಮೈ ಉರಿಯದೆ ಇನ್ನೇನು? ಆರು ಕೀಮೋಗೆ ಆರು ಸಲವೂ ರಜೆ ಹಾಕಿ ಪಕ್ಕದಲ್ಲಿ ಕೂತವನು ನಾನು. ವಾಂತಿ ಮಾಡುವಾಗ ಬೆನ್ನು ನೀವಿದವನು ನಾನು. ದಿಂಬಿನ ಮೇಲೆ ಅವಳ ಕೂದಲು ಕಂಡು ಅವಳಿಗಿಂತ ಮೊದಲು ಗೊಳೋ ಎಂದವನೂ ನಾನೇ. ಗಂಡ ಅಂದ್ರೆ ಹಿಂಗಿರ್ಬೇಕು ಎಂದು ಬೀದಿಯವರೆಲ್ಲ ಹೊಗಳಿದ್ದರು. ಊಟ ಮುಗಿದ ಮೇಲೆ ಎಲೆ ಹಾಕಿಸಿಕೊಂಡು ಕೂತವಳು ಈ ಕುಣಿಗಲ್ಲಿನವಳು. ಏನಂತೆ ಅವರದ್ದು ಎಂದು ಕೇಳಿದರೆ ನನ್ನ ಹೆಂಡತಿ, ಏನಿಲ್ಲ, ಸುಮ್ನೆ ಅನ್ನುತ್ತಿದ್ದಳು. ಮುಕ್ಕಾಲು ಗಂಟೆ ಯಾರಾದರೂ ಸುಮ್ಮನೆ ಮಾತಾಡುತ್ತಾರೆಯೇ?

ಒಂದು ಶುಕ್ರವಾರ ಅವಳು ಬಚ್ಚಲಲ್ಲಿದ್ದಾಗ ಫೋನು ಬಂತು. ಎತ್ತಿಬಿಟ್ಟೆ. ಮಲಗಿದ್ದಾಳೆ ಎಂದೆ. ಸುಳ್ಳು ಹೇಳಬೇಡಿ ಎಂದು ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿದ ಮೇಷ್ಟ್ರು ನಾನು. ನಾಲಿಗೆ ಒಂದಿಷ್ಟೂ ತೊದಲಲಿಲ್ಲ.

"ಮಲೀಕ್ಕೊಳ್ಲಿ ಬುಡಿ ಸಾರ್, ಎಬ್ಬಿಸ್ಬೇಡಿ," ಎಂದಳು ಆಕೆ. "ಎದ್ಮೇಲೆ ಹೇಳಿ, ನಾಳೆ ಸ್ಕ್ಯಾನಿಂಗ್‌ಗೆ ನಾನು ಬಂದೇ ಬರ್ತೀನಿ. ಕಂಕುಳಲ್ಲಿ ಗಂಟಾಗಿದ್ದೆಲ್ಲ ಅದೇ ಕಾಯ್ಲೆ ಅಲ್ಲ. ನೀವೂ ಧೈರ್ಯವಾಗಿರಿ."

ಗಂಡನಿಗೆ ಹೇಳಿಯೇ ಇರುತ್ತಾಳೆ ಎಂದು ಆಕೆ ತಿಳಿದಿದ್ದಳು, ಪಾಪ. ಯಾರಾದರೂ ಹಾಗೇ ತಿಳಿಯುತ್ತಾರೆ. ನನಗೆ ಮೊದಲು ಬಂದದ್ದು ಭಯವಲ್ಲ. ನಾಚಿಕೆ ಬಿಟ್ಟು ಬರೆಯುತ್ತೇನೆ, ಹೊಟ್ಟೆಕಿಚ್ಚು. ನನ್ನ ಹೆಂಡತಿಗೆ ಮತ್ತೆ ಗಂಟು ಬಂದ ಸುದ್ದಿ ನನಗಿಂತ ಮೊದಲು ಕುಣಿಗಲ್ಲಿಗೆ ಮುಟ್ಟಿತ್ತು. ಭಯ ಹುಟ್ಟಿದ್ದು ಆಮೇಲೆ, ಫೋನು ಕೆಳಗಿಟ್ಟ ಮೇಲೆ.

ಕೇಳಬೇಕೆಂದರೆ ನನ್ನ ಸುಳ್ಳನ್ನೂ ಒಪ್ಪಿಕೊಳ್ಳಬೇಕಿತ್ತು. ಅವಳೇ ಹೇಳಲಿ ಎಂದು ಕಾದೆ. ಅವಳು ಒಲೆ ಮುಂದೆ ನಿಂತು ಮುದ್ದೆಗೆ ಹಿಟ್ಟು ಹಾಕುತ್ತಾ, ನಾಳೆ ತುಮಕೂರಲ್ಲಿ ಗುಂಪಿನವರೊಬ್ಬರ ಮನೆ ಮದುವೆ, ಅಕ್ಕನ ಜೊತೆ ಹೋಗಿಬರ್ತೀನಿ ಎಂದಳು. ತಡೆಯಲಾಗಲಿಲ್ಲ. ಮದುವೆಯೋ ಸ್ಕ್ಯಾನಿಂಗೋ ಎಂದುಬಿಟ್ಟೆ.

ಫೋನು ಎತ್ತಿದ್ದು, ಮಲಗಿದ್ದಾಳೆ ಎಂದದ್ದು, ಎಲ್ಲ ಹೇಳಿದೆ. ತಪ್ಪು ಒಪ್ಪಿಕೊಳ್ಳುತ್ತಾ ಒಪ್ಪಿಕೊಳ್ಳುತ್ತಾ ನನಗೇ ಸಿಟ್ಟು ನೆತ್ತಿಗೇರಿತು. ನಿನ್ನ ಜೊತೆ ಆಸ್ಪತ್ರೆ ಆಸ್ಪತ್ರೆ ಅಲೆದವನು ನಾನೋ ಅವಳೋ, ನನಗೆ ಹೇಳೋಕೆ ನಿನಗೇನಾಗಿತ್ತು ಎಂದು ಕೂಗಾಡಿದೆ. ಕೂಗಾಡುತ್ತಲೇ ಕಣ್ಣಲ್ಲಿ ನೀರು ದಳದಳ ಇಳಿಯಿತು.

"ನೋಡಿ, ಶುರುವಾಯ್ತು," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಹೋದ್ಸಲ ನಿಮ್ಮನ್ನ ಸಮಾಧಾನ ಮಾಡೋದ್ರಲ್ಲೇ ನನ್ನ ಅರ್ಧ ಜೀವ ಹೋಯ್ತು ಕಣ್ರೀ. ನಾನು ಅಳೋಕೆ ನೀವು ಜಾಗನೇ ಬಿಡ್ಲಿಲ್ಲ. ಅಕ್ಕನ ಹತ್ರ ನಾನು ಅತ್ರೆ, ಅಕ್ಕ ಅಳಲ್ಲ."

ಮುದ್ದೆ ತಳ ಹಿಡಿದು ಸೀದ ವಾಸನೆ ಬಂತು. ಇಬ್ಬರೂ ಅದನ್ನೇ ಉಂಡೆವು. ಕೈ ತೊಳೆಯುವಾಗ ನಾನೂ ಬರಲಾ ಎಂದು ಕೇಳಿದೆ. ಬನ್ನಿ, ಆದರೆ ಅಳಬಾರದು ಎಂದಳು. ಮಾತು ಕೊಟ್ಟೆ.

ಶನಿವಾರ ತುಮಕೂರಿನ ಸ್ಕ್ಯಾನಿಂಗ್ ಸೆಂಟರಿನಲ್ಲಿ ಆಕೆ ನಮಗಿಂತ ಮೊದಲೇ ಬಂದು ಕೂತಿದ್ದಳು. ಕುಳ್ಳಗೆ, ಕಪ್ಪಗೆ, ಮಡಿಲಲ್ಲೊಂದು ಬಾಳೆಹಣ್ಣಿನ ಚೀಲ. ಜೊತೆಗೆ ಗಂಡ. ಕುಣಿಗಲ್ಲಿನಲ್ಲಿ ಪಂಕ್ಚರ್ ಅಂಗಡಿ ಇಟ್ಟವನು. ಕಾಂಪೌಂಡಿನಲ್ಲಿ ಎಷ್ಟೋ ಭಾನುವಾರ ಪಕ್ಕದಲ್ಲೇ ನಿಂತಿದ್ದರೂ ನಾನು ಮಾತಾಡಿಸದ ಮನುಷ್ಯ. ನನ್ನ ಹೆಂಡತಿಯ ಹೆಸರು ಕೂಗಿದರು. ಒಳಗೆ ಒಬ್ಬರು ಮಾತ್ರ ಬರಬಹುದು ಎಂದಳು ನರ್ಸ್. ನಾನು ಎದ್ದು ನಿಂತಿದ್ದೆ. ನನ್ನವಳು ಆಕೆಯ ಕೈ ಹಿಡಿದುಕೊಂಡು ಹೊರಟಳು.

ಅದು ಬರೀ ಕೊಬ್ಬಿನ ಗಂಟು ಎಂದು ಆಮೇಲೆ ಗೊತ್ತಾಯಿತು. ಬಾಗಿಲು ಮುಚ್ಚಿದ ಹೊತ್ತಿನಲ್ಲಿ ಯಾರಿಗೆ ಗೊತ್ತಿತ್ತು? ಹೊಟ್ಟೆ ಉರಿಯುತ್ತಿತ್ತು, ಕೊಟ್ಟ ಮಾತು ತಪ್ಪುವ ಹಾಗಾಗಿತ್ತು. ಹಲ್ಲು ಕಚ್ಚಿಕೊಂಡು ಹೊರಗೆ ನಡೆದೆ. ಹಿಂದೆಯೇ ಪಂಕ್ಚರ್ ಅಂಗಡಿಯವನು ಬಂದ. ನನ್ನ ತೋಳು ಹಿಡಿದು ಕಟ್ಟಡದ ಹಿಂಭಾಗಕ್ಕೆ, ಜನರೇಟರ್ ಗಡಗಡ ಎನ್ನುತ್ತಿದ್ದ ಮೂಲೆಗೆ ಕರೆದುಕೊಂಡು ಹೋದ.

"ಇಲ್ಲಿ ಅತ್ಕೊಳಿ ಮೇಷ್ಟ್ರೇ," ಎಂದ. "ಈ ಸದ್ದಲ್ಲಿ ಒಳಿಕ್ಕೆ ಕೇಳ್ಸಲ್ಲ. ನಾನು ಅಳೋದೂ ಇಲ್ಲೇ."